ಈಳಿಗೆಯನ್ನು ನನ್ನ ಖೋಲಿಯಲ್ಲಿಟ್ಟ ವೈನಿ

ಎದುರು ಮನೆಗೆ ಬಾಣಂತಿ ಬಂದಿದ್ದಾಳೆ. ಬೆಳಿಗ್ಗೆ ಕೂಸಿಗೆ ಎರೆದ ಮೇಲೆ ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆ ಹಿಡಿಯುತ್ತಾರೆ. ಆ ಹೊಗೆ ರಸ್ತೆ ದಾಟಿ ನಮ್ಮ ಪಡಸಾಲೆಗೆ ಬರುತ್ತದೆ. ಕೊಪ್ಪಳದ ಈ ಬಡಾವಣೆಯಲ್ಲಿ ಎಲ್ಲರದೂ ಗ್ಯಾಸಿನ ಒಲೆ, ಕೆಂಡ ಎಲ್ಲಿಂದ ಮಾಡುತ್ತಾರೋ ಗೊತ್ತಿಲ್ಲ. ಬಾಣಂತಿಯ ತಾಯಿ ಊರಿಂದ ಇದ್ದಿಲು ಕಟ್ಟಿಕೊಂಡು ಬಂದಿರಬೇಕು. ಮೊದಲ ದಿನ ಆ ವಾಸನೆ ಬಂದಾಗ ನಾನು ಚಹಾದ ಕಪ್ಪು ಹಿಡಿದು ಹಾಗೇ ನಿಂತುಬಿಟ್ಟೆ. ಮಗಳು "ಯಾಕವ್ವಾ, ಏನಾತು?" ಎಂದಳು. ಏನಿಲ್ಲ ಎಂದೆ... ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿಯಾಗಿರಲಿಲ್ಲ ಅದು.

ಕೊಪ್ಪಳ ಜಿಲ್ಲೆಯಾದ ಮರುವರ್ಷ ನನಗೆ ಕುಷ್ಟಗಿಯ ಒಂದು ಸರ್ಕಾರಿ ಶಾಲೆಯಲ್ಲಿ ನೌಕರಿ ಸಿಕ್ಕಿತು. ಇನ್ನೂ ಮದುವೆಯಾಗಿರಲಿಲ್ಲ. ನಮ್ಮೂರು ಬೇವೂರಿನಿಂದ ದಿನಾ ಓಡಾಡುವುದು ಬೇಡವೆಂದು ಅಪ್ಪ ಊರೆಲ್ಲ ಸುತ್ತಾಡಿ, ಮರ್ಯಾದಸ್ಥರ ಮನೆ ಎಂದು ನಾಲ್ಕು ಕಡೆ ವಿಚಾರಿಸಿ, ಒಬ್ಬ ಬಸ್ ಕಂಡಕ್ಟರರ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದುಕೊಟ್ಟರು. ಅವರಿಗೂ ನನಗೂ ಒಂದೇ ಅಂಗಳ, ಒಂದೇ ಬಚ್ಚಲು. ಹಿತ್ತಲಲ್ಲಿ ನೀರು ಸೇದುವ ಬಾವಿ. ಮನೆಯಲ್ಲಿ ಕಂಡಕ್ಟರು ಮತ್ತು ಅವರ ತಾಯಿ ಇಬ್ಬರೇ ಇದ್ದರು. ಹೆಂಡತಿ ಚೊಚ್ಚಲ ಬಾಣಂತನಕ್ಕೆ ಹನುಮಸಾಗರದ ತವರಿಗೆ ಹೋಗಿದ್ದಾಳೆ ಎಂದರು. ನಾನು ಟ್ರಂಕು ಇಳಿಸಿದ ವಾರದಲ್ಲೇ ಆಕೆ ಬಂದರು. ಜೀಪಿನ ಮೇಲೆ ತೊಟ್ಟಿಲು ಕಟ್ಟಿತ್ತು. ಹಿಂದಿನ ಸೀಟಿನಲ್ಲಿ ಅವರ ತಾಯಿಯ ಮಡಿಲಲ್ಲಿ ಹೆಣ್ಣು ಕೂಸು ನಿದ್ದೆ ಮಾಡುತ್ತಿತ್ತು.

ಅಣ್ಣನ ಹೆಂಡತಿಯನ್ನು ಕರೆಯುವಂತೆ ನಾನು ಅವರನ್ನು ವೈನಿ ಎಂದೆ. ಅವರು ನನ್ನನ್ನು, ಶಾಲೆಯಲ್ಲಿ ಕಲಿಸುವವಳಲ್ಲವೇ, ಊರವರಂತೆ ಅಕ್ಕೋರು ಎಂದರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯರು. ಎತ್ತರದ ಆಳು, ದಪ್ಪ ಹೆರಳು, ನಕ್ಕರೆ ಗಂಟಲು ಕಟ್ಟಿದವರ ಹಾಗೆ ಒರಟು ದನಿ. ಕೂಸಿಗೆ ಲೋಬಾನ ಹಾಕುವಾಗ ಹೊಗೆಯನ್ನು ಸೆರಗಿನಿಂದ ಬೀಸುತ್ತಾ ಏನೇನೋ ಗುನುಗುತ್ತಿದ್ದರು. ಆದರೆ ಕೂಸನ್ನು ಹೊಗೆಯ ಮೇಲೆ ಹಿಡಿಯುತ್ತಿದ್ದವರು ಯಾವಾಗಲೂ ಅವರ ಅತ್ತೆ. ಇದನ್ನು ನಾನು ಬಹಳ ದಿನಗಳ ಮೇಲೆ ಗಮನಿಸಿದೆ.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ವೈನಿ ಅಷ್ಟು ಹಿಡಿಸಿರಲಿಲ್ಲ. ನಾನು ಶಾಲೆ ಮುಗಿಸಿ ಬಂದು ಮುಖ ತೊಳೆಯುವುದೇ ತಡ, ಕೂಸನ್ನು ಎತ್ತಿಕೊಂಡು ಬಂದು, "ಅಕ್ಕೋರ, ಒಂದೀಟು ಹಿಡ್ಕೋರಿ" ಎಂದು ನನ್ನ ಕೈಗೆ ಹಾಕುತ್ತಿದ್ದರು. ಹಾಕಿ ಒಳಗೆ ಹೋಗುತ್ತಿದ್ದರೆಂದಲ್ಲ. ನನ್ನ ಹೊಸ್ತಿಲ ಮೇಲೆ ಕುಳಿತು ಕೂಸನ್ನೇ ನೋಡುತ್ತಿದ್ದರು. ನೋಡುವುದಾದರೆ ತಾನೇ ಎತ್ತಿಕೊಳ್ಳಬಾರದೇ ಎಂದು ನನಗೆ ಒಳಗೊಳಗೇ ಸಿಟ್ಟು. ಅವರ ಅತ್ತೆಯೂ ಅಂಗಳ ಗುಡಿಸುತ್ತಾ ನನಗೆ ಕೇಳುವಂತೆ ಅನ್ನುತ್ತಿದ್ದರು: "ಹಡದಾಕಿಗೆ ಕೂಸಿನ ಮ್ಯಾಲ ಮಾಯಾ ಇಲ್ಲ. ಇಂಥಾದ್ದ ನಾ ಎಲ್ಲೂ ಕಂಡಿಲ್ಲ ಬಿಡವಾ."

ಆಮೇಲೆ ಒಂದೊಂದಾಗಿ ಕಾಣತೊಡಗಿತು. ಹಿತ್ತಲಲ್ಲೇ ಬಾವಿ ಇದ್ದರೂ ವೈನಿ ಕೊಡ ಹೊತ್ತು ಓಣಿಯ ಕೊನೆಯ ನಳಕ್ಕೆ ಹೋಗುತ್ತಿದ್ದರು. ನಳದಲ್ಲಿ ನೀರು ಬರುವುದೇ ಅಪರೂಪದ ಊರು. ಬಂದ ದಿನ ಕೊಡಗಳ ಸಾಲು, ಜಗಳ. ಆ ಸಾಲಿನಲ್ಲಿ ಬಿಸಿಲಲ್ಲಿ ನಿಂತು ಒಂದು ಕೊಡ ತರುತ್ತಿದ್ದರು. ಬಾವಿಯ ನೀರು ಉಪ್ಪು ಎಂದು ನೆಪ ಹೇಳುತ್ತಿದ್ದರು. ಬಾವಿಯ ನೀರು ಕುಡಿಯುತ್ತಿದ್ದವಳು ನಾನು, ಅದು ಉಪ್ಪಾಗಿರಲಿಲ್ಲ. ಅಡುಗೆಯಲ್ಲೂ ಹಾಗೆಯೇ. ಆ ಮನೆಯಲ್ಲಿ ಬದನೆಕಾಯಿ, ಸೌತೆಕಾಯಿ ಮಾಯವಾದವು. ದಿನಾ ಬೇಳೆ, ಝುಣಕ, ಕೈಯಲ್ಲೇ ಮುರಿದು ಹಾಕಿದ ಸೊಪ್ಪು. ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತಿದ್ದರು. ಒಂದು ದಿನ ಈಳಿಗೆಯನ್ನೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದು, "ನಿಮ್ಮ ಖೋಲ್ಯಾಗ ಇರ್ಲಿ ಬಿಡ್ರಿ. ನಮ್ಮನ್ಯಾಗ ಕೂಸು ಅಂಬೆಗಾಲಿಡಾಕ ಹತ್ತೇತಿ" ಎಂದರು. ಸರಿಯಾದ ಮಾತೇ ಅನ್ನಿಸಿ ನನ್ನ ಕಾಟಿನ ಕೆಳಗೆ ತಳ್ಳಿದೆ. ಕೂಸು ಆಗಿನ್ನೂ ಬೋರಲು ಬೀಳುವುದನ್ನು ಕಲಿಯುತ್ತಿತ್ತು ಎಂಬುದು ಆಮೇಲೆ ಹೊಳೆಯಿತು.

ಅವರು ನನಗೆ ಹೇಳಿದ್ದು ಒಂದು ಭಾನುವಾರ ಮಧ್ಯಾಹ್ನ. ಅತ್ತೆ ಯಾರದೋ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದರು. ಕಂಡಕ್ಟರು ಡ್ಯೂಟಿಯ ಮೇಲಿದ್ದರು. ಕೂಸು ನನ್ನ ತೊಡೆಯ ಮೇಲಿತ್ತು, ವೈನಿ ಹೊಸ್ತಿಲ ಮೇಲೆ.

"ಅಕ್ಕೋರ, ಒಂದು ಕೇಳ್ತೀನಿ, ಬೈಬ್ಯಾಡ್ರಿ. ಮನಸಿನ್ಯಾಗ ಬ್ಯಾಡಾದ್ದು ಬರತೈತಲ್ರಿ... ಅದು ನಿಮಗೂ ಬರತೈತೇನು?"

"ಎಂಥಾದ್ದು, ವೈನಿ?"

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ಬಾವಿ ಕಂಡ್ರ ಸಾಕು, ಕೂಸಿನ್ನ ಅದರಾಗ ಒಗದಂಗ ಕಾಣತೈತ್ರಿ. ನನ್ನ ಕೈಲೆ. ಈಳಿಗಿ ಕಂಡ್ರ ಮತ್ತೊಂದು ಕಾಣತೈತಿ. ಅದನ್ನ ಬಾಯಿಲೆ ಹೇಳಾಕ ಬರಂಗಿಲ್ಲ. ನಾ ಕರದಿದ್ದಲ್ಲರಿ ಅದು. ನನ್ನ ಜೀವಾ ಹೋದ್ರೂ ನಾ ಅಂಥಾದ್ದು ಮಾಡಾಕಿ ಅಲ್ಲ. ಮತ್ತ ಯಾಕ ಕಾಣತೈತಿ?"

 ಗೊತ್ತಿಲ್ಲದೆಯೇ ನನ್ನ ಎರಡೂ ಕೈಗಳು ಕೂಸನ್ನು ಅವುಚಿಕೊಂಡವು. ಅದು ಅವರ ಕಣ್ಣಿಗೆ ಬಿತ್ತು. ನಾನು ನಾಚಿಕೆಯಿಂದ ಕೈ ಸಡಿಲಿಸಹೋದರೆ ಅವರೇ ಅಂದರು: "ಬ್ಯಾಡ್ರಿ, ಹಂಗs ಗಟ್ಯಾಗಿ ಹಿಡ್ಕೋರಿ. ಅದಕ್ಕs ನಿಮ್ಮ ಕೈಯಾಗ ಕೊಡೋದು."

ಅಂದು ಅವರು ತಮ್ಮ ಹೋರಾಟವನ್ನೆಲ್ಲ ಬಿಚ್ಚಿಟ್ಟರು. ಆ ಚಿತ್ರ ಬಂದ ಕೂಡಲೇ ಹಣೆ ಹಣೆ ಬಡಿದುಕೊಳ್ಳುತ್ತಿದ್ದರಂತೆ. ಅದಕ್ಕೆ ಬಗ್ಗದಾಗ ಅಂಗೈಗೆ ಉಗುರು ಒತ್ತಿದರು. ಅಂಗೈಯಲ್ಲಿ ಸಣ್ಣ ಸಣ್ಣ ಕಲೆಗಳನ್ನು ತೋರಿಸಿದರು. ದೇವರ ಹೆಸರು ಹೇಳಿ ನೋಡಿದರು. ದೇವರ ಹೆಸರಿನ ಜೊತೆಯಲ್ಲೇ ಆ ಚಿತ್ರ ಬರತೊಡಗಿದಾಗ ಪೂಜೆ ಬಿಟ್ಟರು. ಕೊನೆಗೆ ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಕೆಟ್ಟದ್ದು ಕಂಡಾಗಲೆಲ್ಲ ಅದನ್ನು ಅಳಿಸಲು ಒಳ್ಳೆಯದನ್ನು ಕಾಣಬೇಕು. ಕೂಸು ಎದ್ದು ನಿಂತ ಹಾಗೆ, ಓಡಿದ ಹಾಗೆ, ಪಾಟಿ ಹಿಡಿದು ಶಾಲೆಗೆ ಹೋದ ಹಾಗೆ, ದೊಡ್ಡವಳಾಗಿ ಜರಿ ಸೀರೆ ಉಟ್ಟ ಹಾಗೆ. ಎಲ್ಲವನ್ನೂ ಒಂದೂ ಬಿಡದಂತೆ ಮನಸ್ಸಿನಲ್ಲಿ ನೋಡಿ ಮುಗಿಸಬೇಕು. ನಡುವೆ ಯಾರಾದರೂ ಕರೆದರೆ, ಕೂಸು ಅತ್ತರೆ, ಮತ್ತೆ ಮೊದಲಿನಿಂದ. ಅತ್ತೆ ಕರೆದಾಗ ಅವರು ಕಲ್ಲಿನ ಹಾಗೆ ನಿಂತಿರುವುದನ್ನು, ಒಲೆಯ ಮೇಲಿನ ರೊಟ್ಟಿ ಕರಕಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆಗೆಲ್ಲ ಅವರು ಒಳಗೆ ಕೂಸನ್ನು ಬೆಳೆಸಿ ದೊಡ್ಡದು ಮಾಡುತ್ತಿದ್ದರು...

ನಾನು ಟಿ.ಸಿ.ಎಚ್. ಮುಗಿಸಿದ್ದವಳು. ಮಕ್ಕಳ ಮನಸ್ಸಿನ ಬಗ್ಗೆ ಒಂದು ಪೇಪರ್ ಬರೆದು ಪಾಸಾಗಿದ್ದೆ. ಇದಕ್ಕೆ ಏನನ್ನಬೇಕೋ ನನಗೆ ತಿಳಿಯಲಿಲ್ಲ. "ಭಾಳ ವಿಚಾರ ಮಾಡಬ್ಯಾಡ್ರಿ ವೈನಿ, ಕೊಪ್ಪಳದಾಗ ಡಾಕ್ಟರ್ ಯಾರರ ಅದಾರೇನು ಕೇಳ್ತೀನಿ" ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಯಾರಿಗೂ ಹೇಳಬಾರದು ಎಂದು ನನ್ನ ಕೈ ಮೇಲೆ ಕೈ ಇಟ್ಟು ಮಾತು ತೆಗೆದುಕೊಂಡರು. ಆ ಮಾತನ್ನು ನಾನು ಮುರಿಯಲಿಲ್ಲ. ಮುರಿದವರು ಅವರೇ.

ಯಲಬುರ್ಗಾದಲ್ಲಿ ಸಂಬಂಧಿಕರ ಮದುವೆ ಬಂತು. ಅತ್ತೆ ಮೊದಲೇ ಹೋಗಿ ಮದುವೆ ಮನೆಯಲ್ಲಿ ಇರಬೇಕಿತ್ತು. ಕಂಡಕ್ಟರಿಗೆ ದೂರದ ರೂಟು. ನಾನೂ ಶಾಲೆಯ ತರಬೇತಿಗೆಂದು ಕೊಪ್ಪಳಕ್ಕೆ ಹೊರಟಿದ್ದೆ. ಕೂಸಿನ ಜೊತೆ ಆ ಮನೆಯಲ್ಲಿ, ಆ ಬಾವಿಯ ಜೊತೆಯಲ್ಲಿ, ವೈನಿ ಒಬ್ಬರೇ ಉಳಿಯುವ ಪ್ರಸಂಗ. ಅತ್ತೆಗೆ ಕೈ ಮುಗಿದು ಬೇಡಿಕೊಂಡರು. ತಮ್ಮನ್ನೂ ಕರೆದುಕೊಂಡು ಹೋಗಿ ಎಂದರು. ಹಸಿ ಕೂಸನ್ನು ಮದುವೆ ಗದ್ದಲಕ್ಕೆ ಒಯ್ಯುವುದು ಬೇಡ ಎಂದು ಅತ್ತೆ ಕೇಳಲಿಲ್ಲ. ಗಂಡ ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ವೈನಿ ಅಂಗಳದಲ್ಲಿ ಅವರ ಕೈಚೀಲ ಹಿಡಿದುಕೊಂಡರು. ನಾನು ನನ್ನ ಖೋಲಿಗೆ ಕೀಲಿ ಹಾಕುತ್ತಿದ್ದೆ.

"ನನ್ನೊಬ್ಬಾಕಿ ಕೈಯಾಗ ಕೂಸಿನ್ನ ಬಿಟ್ಟು ಹೋಗಬ್ಯಾಡ್ರಿ. ನಿಮಗ ಕಾಲ ಬೀಳ್ತೀನಿ."

"ಯಾಕ? ಏನಾಗೇತಿ ನಿನಗ?"

"ನಾ ಏನರ ಮಾಡಿಬಿಟ್ಟೆನು ಅಂತ ಅಂಜಿಕಿ ಬರತೈತ್ರಿ. ಬಾವ್ಯಾಗ ಒಗದಂಗ... ದಿನಾ ಕಾಣತೈತಿ."

ಕಂಡಕ್ಟರು ಒಳ್ಳೆಯ ಮನುಷ್ಯ. ಬಸ್ಸಿನಲ್ಲಿ ಮುದುಕಿಯರಿಗೆ ಎದ್ದು ಸೀಟು ಕೊಡುವಂಥವರು ಎಂದು ಊರಲ್ಲಿ ಹೆಸರಿತ್ತು. ಆದರೆ ಆ ಮಾತು ಕೇಳಿದ ಮೇಲೆ ಅವರು ಹೆಂಡತಿಯನ್ನು ನೋಡಲಿಲ್ಲ. ಪಡಸಾಲೆಗೆ ಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಂದು ತಾಯಿಯ ಕೈಗೆ ಕೊಟ್ಟರು. ನಾನು ಎಷ್ಟೋ ಹೇಳಲು ನೋಡಿದೆ. ಆಕೆ ಹೆದರಿದ್ದಾರೆ, ಹೆದರಿಯೇ ಹೇಳುತ್ತಿದ್ದಾರೆ, ಕೂಸನ್ನು ಕಾಯಲೆಂದೇ ಹೇಳುತ್ತಿದ್ದಾರೆ ಎಂದೆ. ಯಾರಿಗೂ ಕೇಳಿಸಲಿಲ್ಲ. ಅತ್ತೆ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನಾ ಮೊದಲs ಅಂದಿದ್ದೆ" ಎನ್ನುತ್ತಾ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ವೈನಿ ಅಂಗಳದಲ್ಲೇ ನಿಂತಿದ್ದರು. ಅವರ ಮುಖದಲ್ಲಿ ಆ ಹೊತ್ತಿಗೆ ಕಂಡದ್ದು ನೆಮ್ಮದಿ ಎಂದರೆ ಯಾರೂ ನಂಬಲಾರರು. ಕೂಸು ಉಳಿಯಿತು ಎಂಬ ನೆಮ್ಮದಿ.

ಅದು ಬಹಳ ಹೊತ್ತು ಉಳಿಯಲಿಲ್ಲ. ನಾನು ತರಬೇತಿ ಮುಗಿಸಿ ಬರುವಷ್ಟರಲ್ಲಿ ಕೂಸನ್ನು ಗಂಗಾವತಿಗೆ, ಕಂಡಕ್ಟರರ ತಂಗಿಯ ಮನೆಗೆ ಕಳಿಸಿಬಿಟ್ಟಿದ್ದರು. ವೈನಿಯ ಕೊರಳಲ್ಲಿ ಒಂದು, ರಟ್ಟೆಯಲ್ಲಿ ಒಂದು ತಾಯಿತ ಬಿದ್ದಿದ್ದವು. ಹಾಲು ಕಟ್ಟಿ ಜ್ವರ ಬಂದು ಮಲಗಿದ್ದರು. ರವಿಕೆ ತೊಯ್ದು ನೊಣ ಮುತ್ತುತ್ತಿತ್ತು. ಓಣಿಯ ಹೆಂಗಸರು ಬಾಗಿಲಿನ ಹೊರಗೇ ನಿಂತು ಇಣುಕಿ ಹೋಗುತ್ತಿದ್ದರು. ಕೂಸನ್ನು ಬಾವಿಗೆ ಒಗೆಯಲು ಹೋಗಿದ್ದಳಂತೆ, ಗಂಡ ಹಿಡಿದುಕೊಂಡನಂತೆ... ಆಗಲೇ ಮಾತು ಆ ರೂಪಕ್ಕೆ ಬಂದಿತ್ತು. ಕೆಲವು ದಿನಗಳಲ್ಲಿ ವೈನಿಯ ಅಣ್ಣ ಬಂದು ಅವರನ್ನು ಹನುಮಸಾಗರಕ್ಕೆ ಕರೆದುಕೊಂಡು ಹೋದರು. ಹೊರಡುವಾಗ ವೈನಿ ನನ್ನ ಕಡೆ ನೋಡಿದರು.

ಕೊಪ್ಪಳಕ್ಕೆ ಹೊರಗಿನಿಂದ ಆಗೀಗ ಒಬ್ಬ ಮನೋವೈದ್ಯರು ಬರುತ್ತಾರೆಂದು ತರಬೇತಿಯಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡಿದ್ದೆ. ಒಂದು ರಜೆಯ ದಿನ ಹನುಮಸಾಗರಕ್ಕೆ ಹೋಗಿ ಅಣ್ಣನಿಗೆ ಹೇಳಿದೆ. ಆತ ಹೊಲದ ಕೆಲಸದ ಮನುಷ್ಯ, ಹೆಚ್ಚು ಮಾತಿಲ್ಲ. "ನೀವು ಕೂಡ ಬರ್ತೀರಿ ಅಂದ್ರ ಹೋಗೂಣ್ರಿ ಅಕ್ಕೋರ" ಎಂದರು. ಮೂವರೂ ಹೋದೆವು. ವೈದ್ಯರು ಹುಬ್ಬಳ್ಳಿ ಕಡೆಯ ವಯಸ್ಸಾದವರು, ಕಿವಿ ಸ್ವಲ್ಪ ಮಂದ. ವೈನಿಗೆ ದನಿಯೇ ಏಳದು, ಅವರಿಗೆ ಕೇಳಿಸದು. ಕೊನೆಗೆ ವೈನಿ ಎಲ್ಲವನ್ನೂ ಗಟ್ಟಿಯಾಗಿ, ಹೊರಗೆ ಕುಳಿತವರಿಗೂ ಕೇಳುವಂತೆ ಹೇಳಬೇಕಾಯಿತು.

ವೈದ್ಯರು ಕೇಳಿದರು: "ಈ ವಿಚಾರ ಬಂದಾಗ ನಿನಗ ಹೆಂಗ ಅನಸ್ತೈತಿ, ತಂಗೀ?"

"ಸತ್ತು ಹೋಗಬೇಕು ಅನಸ್ತೈತ್ರಿ."

"ಮಾಡಬೇಕು ಅಂತ ಮನಸ್ಸಿದ್ದವರು ಹಿಂಗ ಅಂಜಿ ಈಳಿಗಿ ಮುಚ್ಚಿಡಂಗಿಲ್ಲ. ಇದು ಗೀಳು ಅಂತ ಒಂದು ಜಡ್ಡು. ಬಾಣಂತ್ಯಾರಿಗೆ ಬರತೈತಿ, ಗಂಡಸರಿಗೂ ಬರತೈತಿ. ಔಷಧ ಐತಿ."

ವೈನಿ ಅಳಲಿಲ್ಲ. ಬೆರಗಿನಿಂದ ಕೇಳಿದರು: "ಇದಕ್ಕೊಂದು ಹೆಸರು ಐತೇನ್ರಿ?"

ವೈದ್ಯರು ಇನ್ನೊಂದು ಮಾತು ಹೇಳಿದ್ದರು. ಆ ವಿಚಾರವನ್ನು ಓಡಿಸಲು ಹೋಗಬೇಡ, ಅಳಿಸಲು ಹೋಗಬೇಡ, ಅದರ ಕೂಡ ಜಗಳ ತೆಗೆಯಬೇಡ, ಬಂದರೆ ಬರಲಿ, ನಿನ್ನ ಕೈಯಲ್ಲಿನ ಕೆಲಸ ನೀನು ಮಾಡುತ್ತಿರು ಎಂದು. ತಿಂಗಳುಗಟ್ಟಲೆ ಹಗಲೂ ಇರುಳೂ ಅದರೊಡನೆ ಗುದ್ದಾಡಿದ ಹೆಂಗಸಿಗೆ ಅದು ಅರ್ಥವಾಗಲು ಕಾಲ ಹಿಡಿಯಿತು. ಬಸ್ಸಿನಲ್ಲಿ ಬರುವಾಗ, "ಸುಮ್ನ ಬಿಟ್ರ ಅದು ನನ್ನ ಕೈ ಹಿಡದು ಮಾಡಿಸಿಬಿಟ್ರ ಹೆಂಗ್ರಿ?" ಎಂದು ಕೇಳಿ ಕೇಳಿ ನನ್ನನ್ನು ದಣಿಸಿದರು. ಮಾತ್ರೆ ಶುರುವಾಯಿತು. ಮಳೆಗಾಲ ಕಳೆದು ಜೋಳದ ರಾಶಿ ಬರುವ ಹೊತ್ತಿಗೆ ಅವರು ಅಣ್ಣನ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. 

ಆಗ ಅವರು ಕೂಸನ್ನು ಕೇಳಲು ಕುಷ್ಟಗಿಗೆ ಬಂದರು. ಅಣ್ಣ, ಇಬ್ಬರು ಹಿರಿಯರು ಜೊತೆಗಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಲ್ಲರೂ ಕುಳಿತರು. ವೈನಿ ಕಂಬಕ್ಕೆ ಒರಗಿ ನಿಂತು, ತಲೆ ತಗ್ಗಿಸದೆ, ಡಾಕ್ಟರು ಹೇಳಿದ್ದನ್ನು ಹೇಳಿದರು. ನಾನೂ ಹೇಳಿದೆ: "ಇವರು ಬಾವಿ ಕಡೆ ಹೋಗಿದ್ದನ್ನ ನಾ ಒಂದಿನಾನೂ ನೋಡಿಲ್ರಿ. ಹೋಗಬಾರದು ಅಂತ ನಳಕ್ಕ ಹೋಗಿ ನಿಂದ್ರತಿದ್ರು." ಹಿರಿಯರಲ್ಲೊಬ್ಬರು, "ಅಕ್ಕೋರ, ಇದು ಮನೀ ಮಾತು" ಎಂದರು.

ಅತ್ತೆ ಅಂದು ಬೈಯಲಿಲ್ಲ. ಕಣ್ಣೊರೆಸಿಕೊಂಡು ಹೇಳಿದರು: "ನಿನ್ನ ಮ್ಯಾಲ ನನಗ ಸಿಟ್ಟಿಲ್ಲವಾ. ಆದ್ರ ಇದನ್ನ ಬ್ಯಾರೆ ಯಾರೂ ಹೇಳ್ಲಿಲ್ಲ, ನೀನs ಬಾಯಿಬಿಟ್ಟು ಹೇಳೀದಿ. ನಾಳೆ ಒಂದಿನ ಏನರ ಆದ್ರ, ಡಾಕ್ಟರು ಬಂದು ಕೂಸಿನ್ನ ತಿರುಗಿ ಕೊಡ್ತಾನೇನು?"

 ವೈನಿ ಗಂಡನ ಕಡೆ ನೋಡಿದರು. ಅವರು ಜಮಖಾನೆಯ ಅಂಚಿನ ದಾರ ಕೀಳುತ್ತಾ ಕುಳಿತಿದ್ದರು. ಕೂಸನ್ನು ಕೊಡಲಿಲ್ಲ. ಮರುವರ್ಷ ಕಂಡಕ್ಟರಿಗೆ ಬೇರೆ ಮದುವೆಯಾಯಿತು. ಅದಕ್ಕೂ ಮೊದಲೇ ನನಗೆ ಬೇರೆ ಖೋಲಿ ನೋಡಿಕೊಳ್ಳುವಂತೆ ಹೇಳಿದ್ದರು. ನಾನು ಸಾಮಾನು ಕಟ್ಟುವಾಗ ಕಾಟಿನ ಕೆಳಗೆ ಈಳಿಗೆ ಸಿಕ್ಕಿತು. ಸುತ್ತಿದ ಬಟ್ಟೆ ಬಿಚ್ಚದೆ ಅವರ ಅಡುಗೆಮನೆಯ ಬಾಗಿಲಲ್ಲಿ ಇಟ್ಟು ಬಂದೆ.

ಮದುವೆಯಾಗಿ ನಾನು ಕೊಪ್ಪಳ ಸೇರಿದ ಮೇಲೂ ವರ್ಷಕ್ಕೊಮ್ಮೆಯಾದರೂ ಹನುಮಸಾಗರಕ್ಕೆ ಹೋಗಿಬರುತ್ತಿದ್ದೆ. ಶಾಲೆಗಳಲ್ಲಿ ಬಿಸಿಯೂಟ ಶುರುವಾದಾಗ ಅಣ್ಣ ಓಡಾಡಿ ವೈನಿಗೆ ಅಡುಗೆಯ ಕೆಲಸ ಕೊಡಿಸಿದರು. ಹುಡುಗರ ಗದ್ದಲದ ನಡುವೆ ಕುಳಿತು ಬುಟ್ಟಿಗಟ್ಟಲೆ ಉಳ್ಳಾಗಡ್ಡಿ, ಗಜ್ಜರಿ ಹೆಚ್ಚುವ ಕೆಲಸ. ಸಣ್ಣ ಮಕ್ಕಳು ಬಂದು ಬೆನ್ನ ಮೇಲೆ ಬೀಳುತ್ತಿದ್ದವು. ಆಗೆಲ್ಲ ಅವರು ಈಳಿಗೆಯ ಮೇಲಿನ ಕೈ ತೆಗೆಯದೆ, ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ಕೂರುವುದನ್ನು ನಾನು ಕಂಡಿದ್ದೇನೆ.

ತಮ್ಮ ಮಗಳಿಗೆ ಏಳೆಂಟು ವರ್ಷ ಆಗಿದ್ದಾಗ ವೈನಿ ಅವಳನ್ನು ಒಮ್ಮೆ ನೋಡಬೇಕೆಂದರು. ಎತ್ತಿಕೊಳ್ಳುವುದು ಬೇಡ, ಮಾತಾಡುವುದೂ ಬೇಡ, ನೋಡಿದರೆ ಸಾಕು ಎಂದರು. ಗಂಗಾವತಿಗೆ ನಾನೇ ಜೊತೆಯಾದೆ. ರೈಸ್‌ಮಿಲ್ಲುಗಳ ಹಿಂದಿನ ಓಣಿ, ಗಾಳಿಯಲ್ಲಿ ಹೊಟ್ಟಿನ ಧೂಳು. ವೈನಿ ಶೇಂಗಾ ಉಂಡೆ ಕಟ್ಟಿ ತಂದಿದ್ದರು. ಮನೆಯ ಮುಂದೆ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಯಾರು ಎಂದು ಕೇಳಬೇಕಾಗಲಿಲ್ಲ. ಅದೇ ಎತ್ತರ, ಅದೇ ಹೆರಳು. ಸೋದರತ್ತೆ ಬಾಗಿಲಿಗೆ ಬಂದು, ಗುರುತು ಹಿಡಿದು, ಗಾಬರಿಯಲ್ಲಿ ವೈನಿಯ ಹೆಸರು ಹಿಡಿದು ಕರೆದುಬಿಟ್ಟರು. ಆ ಹೆಸರು ಕೇಳಿದ್ದೇ ಹುಡುಗಿ ಕುಂಟುತ್ತಿದ್ದ ಕಾಲು ಇಳಿಸಿ ಕಿರುಚಿದಳು.

"ಅತ್ತೀ, ಬಾವ್ಯಾಗ ಒಗ್ಯಾಕಿ ಬಂದಾಳ!"

ಚೀರುತ್ತಾ ಒಳಗೆ ಓಡಿದಳು. ಒಳಗಿನಿಂದ ಅಳು ಕೇಳುತ್ತಲೇ ಇತ್ತು. ಹಟ ಮಾಡಿದಾಗ, ಉಣ್ಣದಿದ್ದಾಗ ಹಾಗೆ ಹೇಳಿ ಅಂಜಿಸುತ್ತಿದ್ದರೆಂದು ಕಾಣುತ್ತದೆ. ಸೋದರತ್ತೆ ನಾಚಿಕೆಯಿಂದ ಕುಗ್ಗಿ, "ಸಣ್ಣಾಕಿ ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದು ನೀರು ತಂದುಕೊಟ್ಟರು. ವೈನಿ ನೀರು ಕುಡಿದು, ತಂಬಿಗೆ ತಿರುಗಿ ಕೊಟ್ಟು, ಉಂಡೆಯ ಗಂಟನ್ನು ಕಟ್ಟೆಯ ಮೇಲಿಟ್ಟು ಹಿಂದಿರುಗಿದರು. ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ಆಕಿ ನನ್ನ ಕಂಡು ಓಡೋದು ಛಲೋನೇ ಆತು ಬಿಡ್ರಿ. ನಾ ಹತ್ರ ಹೋಗೋ ಭಯಾ ಇಲ್ಲ."

ಆ ಮಾತಿನಲ್ಲೇ ನನಗೆ ಗೊತ್ತಾಯಿತು, ಜಡ್ಡು ಮರಳಿದೆ ಎಂದು. ಮಾತ್ರೆ ಬಿಟ್ಟರು. ಬಿಸಿಯೂಟದ ಕೆಲಸಕ್ಕೆ ಹೋಗಲಿಲ್ಲ. ಅಣ್ಣನ ಮಕ್ಕಳು ಹತ್ತಿರ ಬಂದರೆ ಎದ್ದು ಹೋಗುತ್ತಿದ್ದರು. ಊಟ ಬಿಟ್ಟು ಎಲುಬು ಕಾಣುವಂತಾದರು. ಅಣ್ಣ ಸುಮ್ಮನೆ ಕೈಬಿಡುವ ಮನುಷ್ಯನಲ್ಲ, ಮತ್ತೆ ಔಷಧಿ ಹಿಡಿಸಿದರು. ವರ್ಷ ಹಿಡಿಯಿತು. ಆದರೂ ತಿರುಗಿ ಅಡುಗೆಮನೆ ಸೇರಿದರು. ನಾನು ಕೊನೆಯ ಬಾರಿ ಹೋದಾಗ ತಲೆ ಪೂರ್ತಿ ನೆರೆತಿತ್ತು, ಎದುರಿಗೆ ಹೆಚ್ಚಿದ ಉಳ್ಳಾಗಡ್ಡಿಯ ರಾಶಿ.

"ಈಗೂ ಬರ್ತಾವೇನು ವೈನಿ?"

"ಬರ್ತಾವ್ರಿ ಅಕ್ಕೋರ. ಬಂದು ಎದುರಿಗೆ ಕುಂದರ್ತಾವ. ನಾನೂ ಸುಮ್ನ ಹೆಚ್ಚಿಕೋಂತ ಕುಂದರ್ತೀನಿ. ಹೊತ್ತಾದ ಮ್ಯಾಲ ಎದ್ದು ಹೋಗ್ತಾವ."

ಕೊರೊನಾದ ಎರಡನೆಯ ವರ್ಷ ಅವರು ಹೋದರು. ಜ್ವರ, ಉಸಿರು, ಅಷ್ಟೇ. ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಅಣ್ಣ ಫೋನಿನಲ್ಲಿ ಹೇಳಿದರು, ನಾನು ಇಲ್ಲೇ ಕುಳಿತು ಕಣ್ಣೀರು ಹಾಕಿದೆ. ಗಂಗಾವತಿಗೂ ಸುದ್ದಿ ಮುಟ್ಟಿಸಿದ್ದರಂತೆ. ಅಲ್ಲಿಂದ ಯಾರೂ ಬರಲಿಲ್ಲ. ಬರಲು ಆಗುತ್ತಲೂ ಇರಲಿಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ಒಂದು ದಿನ ಎತ್ತರದ ಹುಡುಗಿಯೊಬ್ಬಳು ಗಂಡನ ಜೊತೆ, ಕೂಸು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಹನುಮಸಾಗರದ ಮಾವನನ್ನು ಕೇಳಿ ನನ್ನ ವಿಳಾಸ ತಿಳಿದುಕೊಂಡು ಬಂದಿದ್ದಳು. ಗಂಡ ಹೊರಗೆ ಫೋನಿನಲ್ಲಿ ಮಾತಾಡುತ್ತಾ ನಿಂತಾಗ ಸರ್ರನೆ ಕೇಳಿದಳು: "ಖರೇ ಹೇಳ್ರಿ ಅಕ್ಕೋರ. ಅವ್ವ ನನ್ನ ಬಾವ್ಯಾಗ ಒಗ್ಯಾಕ ಹೋಗಿದ್ಲೇನ್ರಿ?"

ಇಲ್ಲಿ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಗಂಗಾವತಿಯ ಓಣಿಯಲ್ಲಿ ಅವಳು ಓಡಿಹೋದದ್ದನ್ನು ಮಾತ್ರ ಬಿಟ್ಟೆ. ಅವಳಿಗೇ ಅದು ನೆನಪಿತ್ತು. "ಉಂಡಿ ನಾ ತಿಂದಿದ್ದೆ ರಿ" ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಈ ಕೂಸು ಹುಟ್ಟಿದಾಗಿಂದ ನನಗೂ ಬರಾಕ ಹತ್ಯಾವ್ರಿ. ಅವ್ವನ್ನ ಓಡಿಸಿದಂಗ ನನ್ನೂ ಓಡಿಸ್ತಾರ ಅಂತ ಯಾರಿಗೂ ಹೇಳಿಲ್ಲ."

ನಾನು ಅವಳ ಗಂಡನನ್ನು ಒಳಗೆ ಕರೆದೆ. ಅವಳ ಎದುರಿಗೇ, ಜಡ್ಡಿನ ಹೆಸರನ್ನು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳಿದೆ. ಆತ ಬಹಳ ಹೊತ್ತು ಹೆಂಡತಿಯನ್ನು ನೋಡಿದ.  ಕೊನೆಗೆ, "ದವಾಖಾನಿ ಎಷ್ಟು ಗಂಟೆಕ್ಕ ತಗೀತಾರ್ರಿ?" ಎಂದು ಕೇಳಿದ. ಕೊಪ್ಪಳದಲ್ಲಿ ಈಗ ದಿನವೂ ವೈದ್ಯರಿದ್ದಾರೆ. ಅಂದೇ ಹೋದೆವು. ಅವಳು ಮಾತ್ರೆ ನುಂಗುತ್ತಿದ್ದಾಳೆ. ಕೂಸು ಅವಳ ಬಳಿಯೇ ಇದೆ. ಪೂರ್ತಿ ಹೋಗಿಲ್ಲ, ಆದರೆ ಸಡಿಲವಾಗಿದೆಯಂತೆ.

ಈ ಚಳಿಗಾಲದಲ್ಲಿ ತಾಯಿಯನ್ನು ಮಣ್ಣು ಮಾಡಿದ ಜಾಗ ನೋಡಬೇಕೆಂದಳು. ಕೂಸನ್ನೂ ಕರೆದುಕೊಂಡು ಹನುಮಸಾಗರಕ್ಕೆ ಹೋದೆವು. ಅಣ್ಣನಿಗೆ ಈಗ ವಯಸ್ಸಾಗಿದೆ, ಕೋಲು ಹಿಡಿದು ಮುಂದೆ ನಡೆದರು. ವೈನಿ ಹೋದ ದಿನ ಹೊರಗಿನ ನಾಲ್ಕು ಜನ ಬಂದು, ಮೈತುಂಬ ಪ್ಲಾಸ್ಟಿಕ್ ತೊಟ್ಟು, ಅವರ ಹೊಲದಲ್ಲೇ ಅವಸರದಲ್ಲಿ ಹೂಳಿ ಹೋಗಿದ್ದರು. ಮನೆಯವರನ್ನು ದೂರ ನಿಲ್ಲಿಸಿದ್ದರು. ಗುರುತಿಗೆ ಇಟ್ಟ ಕಲ್ಲು ಆಮೇಲೆ ಕುಂಟೆ ಹೊಡೆಯುವಾಗ ಎಲ್ಲಿ ಸರಿಯಿತೋ. ಬಿಳಿಜೋಳ ಆಳೆತ್ತರ ಬೆಳೆದು ತೆನೆ ಹಿಡಿದಿತ್ತು.

"ಎಲ್ಲಿ ರಿ ಮಾಮಾ?" ಎಂದಳು ಹುಡುಗಿ.

ಅವರು ಕೋಲೆತ್ತಿ ಒಂದು ಕಡೆ ತೋರಿಸಿದರು. ಮತ್ತೆ ಸ್ವಲ್ಪ ಪಕ್ಕಕ್ಕೆ ತೋರಿಸಿದರು. "ಇಲ್ಲೇ ಎಲ್ಲೋ ಆಗಬೇಕವಾ..." ಎಂದರು.

ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಅವಳು ಜೋಳದೊಳಗೆ ನಾಲ್ಕು ಹೆಜ್ಜೆ ಹೋದಳು. ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕೆಂದು ತಿಳಿಯದೆ ಅಲ್ಲೇ ನಿಂತಳು. ನನಗೂ ಗೊತ್ತಿರಲಿಲ್ಲ.